ಮುಖ್ಯಮಂತ್ರಿ ಆಗದೆಯೂ ನೆನಪಲ್ಲಿ ಉಳಿದ ಸಚಿವರು ಯಾರಾದರೂ ಇದ್ದಾರಾ?

ಕರ್ನಾಟಕದಲ್ಲಿ ಮುಖ್ಯಮಂತ್ರಿ ಕುರ್ಚಿಗೆ ಏರದೆ, ಬರೀ ಸಚಿವರಾಗಿಯೇ ಜನರ ಬದುಕಲ್ಲಿ ಬದಲಾವಣೆ ತಂದವರು ಇದ್ದಾರಾ ಅಂತ ಕೇಳಿದ್ದೀರಿ. ಇದ್ದಾರೆ. ನನ್ನ ಪಟ್ಟಿಯಲ್ಲಿ ಮೊದಲ ಹೆಸರು ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್.

1983ರ ಜನವರಿಯಲ್ಲಿ ರಾಮಕೃಷ್ಣ ಹೆಗಡೆ ಅವರ ಜನತಾ ಪಕ್ಷದ ಸರ್ಕಾರ ಬಂತು. ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಅದು. ನಜೀರ್ ಸಾಬ್ ಅವರಿಗೆ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ ಸಿಕ್ಕಿತು. ಕಂದಾಯ, ಲೋಕೋಪಯೋಗಿ ಖಾತೆಗಳಿಗೆ ಆಗ ಇದ್ದ ತೂಕ ಅದಕ್ಕೆ ಇರಲಿಲ್ಲ.

ಆ ವರ್ಷಗಳಲ್ಲಿ ಬರ ಬೆನ್ನು ಬಿಡದೆ ಕಾಡುತ್ತಿತ್ತು. ತೆರೆದ ಬಾವಿಗಳು ಬತ್ತಿದ್ದವು. ಹಳ್ಳಿ ಹಳ್ಳಿಗೂ ಬೋರ್‌ವೆಲ್ ಕೊರೆಸಿ ಕೈಪಂಪು ಹಾಕಿಸುವ ಕೆಲಸವನ್ನು ಅವರು ಹಟಕ್ಕೆ ಬಿದ್ದವರ ಹಾಗೆ ಮಾಡಿಸಿದರು. ಅದಕ್ಕೇ ಜನ ಅವರನ್ನು 'ನೀರ್ ಸಾಬ್' ಅಂತ ಕರೆದರು. ನಮ್ಮ ಕಡೆಯ ಹಿರಿಯರಿಗೆ ಈಗಲೂ ಪೂರ್ತಿ ಹೆಸರಿಗಿಂತ ಈ ಹೆಸರೇ ಬೇಗ ಬಾಯಿಗೆ ಬರುತ್ತದೆ.

'ಬೋರ್‌ವೆಲ್ ಕೊರೆಸಿಯೇ ಅಂತರ್ಜಲ ಹಾಳಾಯ್ತು, ಅದಕ್ಕೆ ಇವರೇ ಕಾರಣ' ಅನ್ನುವವರೂ ಇದ್ದಾರೆ. ನನಗೆ ಈ ಮಾತು ಅಷ್ಟು ಸರಿ ಅನ್ನಿಸುವುದಿಲ್ಲ. ಕೈಯಲ್ಲಿ ಒತ್ತಿ ಕೊಡ ತುಂಬಿಸಿಕೊಂಡರೆ ನೆಲದಡಿಯ ನೀರು ಎಷ್ಟು ಇಳಿದೀತು ಹೇಳಿ? ಹೆಚ್ಚು ನೀರು ಎಳೆದದ್ದು ಹೊಲ ತೋಟಗಳ ಮೋಟಾರುಗಳು.

ಆದರೆ ನನ್ನ ಲೆಕ್ಕದಲ್ಲಿ ನೀರಿಗಿಂತ ದೊಡ್ಡ ಕೆಲಸ ಇನ್ನೊಂದಿದೆ. ಜಿಲ್ಲಾ ಪರಿಷತ್ತು, ತಾಲ್ಲೂಕು ಪಂಚಾಯತ್ ಸಮಿತಿ, ಮಂಡಲ ಪಂಚಾಯ್ತಿ ಮತ್ತು ನ್ಯಾಯ ಪಂಚಾಯ್ತಿಗಳ ಕಾಯ್ದೆ. 1983ರಲ್ಲೇ ಶಾಸನಸಭೆ ಒಪ್ಪಿದರೂ ರಾಷ್ಟ್ರಪತಿಗಳ ಅಂಕಿತ ಸಿಕ್ಕಿದ್ದು 1985ರಲ್ಲಿ. ಚುನಾವಣೆ ನಡೆಯುವಷ್ಟರಲ್ಲಿ 1987ರ ಜನವರಿ ಆಗಿತ್ತು. ಪಂಚಾಯತ್ ರಾಜ್ ಸುಧಾರಣೆಗೆ ಕೇಂದ್ರ ಸರ್ಕಾರ ನೇಮಿಸಿದ್ದ ಅಶೋಕ್ ಮೆಹ್ತಾ ಸಮಿತಿ 1978ರಲ್ಲೇ ಇಂಥದ್ದನ್ನು ಹೇಳಿತ್ತು. ಹೇಳುವುದು ಸುಲಭ, ಅಲ್ವಾ? ಶಾಸಕರನ್ನೂ ಅಧಿಕಾರಿಗಳನ್ನೂ ಒಪ್ಪಿಸಿ ಜಾರಿಗೆ ತರುವುದು ಬೇರೆ ಮಾತು.

ಆ ಕಾಯ್ದೆ ಮಾಡಿದ್ದೇನು ನೋಡಿ. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಕೊಟ್ಟರು. ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿ ಅಂತ ಒಬ್ಬ ಐಎಎಸ್ ಅಧಿಕಾರಿ. ಆತ ಜಿಲ್ಲಾಧಿಕಾರಿಗಿಂತ ಸೀನಿಯರ್! ಬ್ರಿಟಿಷರ ಕಾಲದಿಂದ ಜಿಲ್ಲೆಗೆಲ್ಲ ಡಿ.ಸಿ. ಸಾಹೇಬರೇ ದೊಡ್ಡವರು. ಈಗ ಶಾಲೆ, ಆಸ್ಪತ್ರೆ, ಕೃಷಿ, ಪಶುಸಂಗೋಪನೆ ಅಂತ ಜಿಲ್ಲೆಯ ಎಷ್ಟೋ ಕೆಲಸಗಳು ಸಿಬ್ಬಂದಿ ಮತ್ತು ದುಡ್ಡಿನ ಸಮೇತ ಪರಿಷತ್ತಿನ ಕೈಗೆ ಬಂದವು. ಕೆಳಗೆ, ಸುಮಾರು 8,000ದಿಂದ 12,000 ಜನಸಂಖ್ಯೆಗೊಂದು ಮಂಡಲ ಪಂಚಾಯ್ತಿ, ಅದಕ್ಕೊಬ್ಬ ಪ್ರಧಾನ. ಶಾಸಕರಿಗೆ ಉಳಿದದ್ದು ತಾಲ್ಲೂಕು ಸಮಿತಿ. ಅದಕ್ಕೆ ಹೆಚ್ಚಿನ ಅಧಿಕಾರ ಇರಲಿಲ್ಲ, ಸಲಹೆ ಕೊಡುವುದೇ ಮುಖ್ಯ ಕೆಲಸ. ಶಾಸಕರು ಒಳಗೊಳಗೇ ಕುದಿಯದೆ ಇರುತ್ತಾರಾ? ವರ್ಗಾವಣೆ, ಗುತ್ತಿಗೆ ಎಲ್ಲ ಕೈ ತಪ್ಪಿ ಹೋಗುತ್ತಿತ್ತು.

ಮಹಿಳೆಯರಿಗೆ ಶೇ. 25 ಮೀಸಲಾತಿ ಕೊಟ್ಟದ್ದೂ ಇದೇ ಕಾಯ್ದೆ. ದೇಶದ ಸಂವಿಧಾನಕ್ಕೆ 73ನೇ ತಿದ್ದುಪಡಿ ಬಂದು, ಬಹುತೇಕ ರಾಜ್ಯಗಳ ಪಂಚಾಯ್ತಿಗಳಲ್ಲಿ ಮೂರನೇ ಒಂದು ಭಾಗ ಮಹಿಳೆಯರಿಗೆ ಅಂತ ಆದದ್ದು 1993ರಲ್ಲಿ. ನನ್ನ ಸೋದರತ್ತೆ 1987ರಲ್ಲಿ ಮಂಡಲ ಪಂಚಾಯ್ತಿ ಮೆಂಬರ್ ಆಗಿದ್ದರು. ಮೊದಮೊದಲು ಮೀಟಿಂಗಿಗೆ ಮಾವನೇ ಹೋಗಿ ಕೂರುತ್ತಿದ್ದರಂತೆ. ಆಮೇಲೆ ಬೀದಿ ದೀಪದ ವಿಷಯಕ್ಕೆ ಜಗಳ ಆಗಿ ಅತ್ತೆಯೇ ಹೋಗತೊಡಗಿದರು. ಎಲ್ಲ ಕಡೆ ಹೀಗೇ ಆಯಿತು ಅಂತ ನಾನು ಹೇಳುವುದಿಲ್ಲ. ಗಂಡನೇ ಕೊನೆತನಕ ಪಂಚಾಯ್ತಿ ನಡೆಸಿದ ಊರುಗಳೂ ಇದ್ದವು, ಈಗಲೂ ಇವೆ.

ನಜೀರ್ ಸಾಬ್ ಅವರ ಬಗ್ಗೆ ನನಗೆ ಗೌರವ ಇರುವುದು ಇದಕ್ಕೇ. ಸಚಿವರಾದವರು ಸಾಮಾನ್ಯವಾಗಿ ತಮ್ಮ ಖಾತೆಗೆ ಇನ್ನಷ್ಟು ದುಡ್ಡು, ಇನ್ನಷ್ಟು ಅಧಿಕಾರ ಕೇಳುತ್ತಾರೆ. ಇವರು ವಿಧಾನಸೌಧದಲ್ಲಿ ಇದ್ದದ್ದನ್ನು ಜಿಲ್ಲೆಗೆ, ಹಳ್ಳಿಗೆ ದಾಟಿಸಿದರು. ಚುನಾವಣೆ ಆದಾಗ ಕೆಲವು ಜಿಲ್ಲಾ ಪರಿಷತ್ತುಗಳು ಕಾಂಗ್ರೆಸ್ ಪಾಲಾದವು. ಅಂದರೆ ಜನತಾ ಸರ್ಕಾರ ಬಿಟ್ಟುಕೊಟ್ಟ ಅಧಿಕಾರ ಎದುರಾಳಿ ಪಕ್ಷದ ಕೈಗೂ ಹೋಯಿತು. ಹೆಗಡೆ ಅವರ ಬೆಂಬಲ ಇಲ್ಲದಿದ್ದರೆ ಇದು ಆಗುತ್ತಿರಲಿಲ್ಲ, ಅದೂ ನಿಜ. ಮುಖ್ಯಮಂತ್ರಿ ಬೆನ್ನಿಗೆ ನಿಲ್ಲದೆ ಯಾವ ಸಚಿವರೂ ಇಷ್ಟು ದೂರ ಹೋಗಲಾರರು.

ಕುಂದುಗಳೂ ಇದ್ದವು. ಊರಿನ ಸಣ್ಣಪುಟ್ಟ ವ್ಯಾಜ್ಯ ತೀರಿಸಬೇಕಿದ್ದ ನ್ಯಾಯ ಪಂಚಾಯ್ತಿ ಕಾಗದದಲ್ಲೇ ಉಳಿಯಿತು. ಪರಿಷತ್ತುಗಳಿಗೆ ಸ್ವಂತ ಆದಾಯ ಅಂತ ಹೇಳಿಕೊಳ್ಳುವಷ್ಟು ಇರಲಿಲ್ಲ, ರಾಜ್ಯದ ಅನುದಾನದ ಮೇಲೇ ನಡೆಯಬೇಕಿತ್ತು.

ನಜೀರ್ ಸಾಬ್ 1988ರಲ್ಲಿ ತೀರಿಕೊಂಡರು. ಅದೇ ವರ್ಷ ಹೆಗಡೆ ರಾಜೀನಾಮೆ ಕೊಟ್ಟಿದ್ದರು. ಮುಂದೆ ಸರ್ಕಾರ ಬದಲಾಯಿತು. ಪರಿಷತ್ತುಗಳ ಐದು ವರ್ಷದ ಅವಧಿ ಮುಗಿದಾಗ ತಕ್ಷಣ ಚುನಾವಣೆ ನಡೆಯಲಿಲ್ಲ, ಆಡಳಿತಾಧಿಕಾರಿಗಳು ಬಂದು ಕೂತರು. 1993ರಲ್ಲಿ ಹೊಸ ಕಾಯ್ದೆ ಬಂದು ಮಂಡಲ ಪಂಚಾಯ್ತಿಗಳು ಹೋದವು, ಗ್ರಾಮ ಪಂಚಾಯ್ತಿಗಳು ಬಂದವು. ಮೈಸೂರಿನಲ್ಲಿ ಪಂಚಾಯ್ತಿ ಸದಸ್ಯರಿಗೆ ತರಬೇತಿ ಕೊಡುವ ರಾಜ್ಯ ಸಂಸ್ಥೆಗೆ ಈಗ ಅವರದೇ ಹೆಸರಿದೆ.

ಎರಡನೇ ಹೆಸರು ಬೇಕು ಅಂದರೆ ಬಿ. ಬಸವಲಿಂಗಪ್ಪ. ದೇವರಾಜ ಅರಸು ಸಂಪುಟದಲ್ಲಿ ಪೌರಾಡಳಿತ ಸಚಿವರಾಗಿದ್ದಾಗ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದವರು ಅವರು. ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ (ದನದ ಮೇವು) ಅಂದದ್ದಕ್ಕೆ 1973ರಲ್ಲಿ ಎದ್ದ ಬೂಸಾ ಗಲಾಟೆಯಲ್ಲಿ ಸಚಿವ ಸ್ಥಾನ ಕಳೆದುಕೊಂಡರು. ಅವರ ಕಥೆಯೇ ಬೇರೆ, ಅದಕ್ಕೆ ಇನ್ನೊಂದು ಪ್ರಶ್ನೆ ಕೇಳಿ, ಬರೆಯುತ್ತೇನೆ.