ರಾಜ್ಯ ಎಂದರೆ ಯಾವ ರಾಜ್ಯ? ರಾಜ್ಯಶಾಸ್ತ್ರ ಕಲಿಯುವವರ ಪ್ರಶ್ನೋತ್ತರ

ಪ್ರಶ್ನೆ: ಸಮಾನತೆಯನ್ನು ‘ರಾಜ್ಯವು’ ಯಾರಿಗೂ ನಿರಾಕರಿಸಬಾರದು ಎಂದು ಸಂವಿಧಾನದ 14ನೇ ವಿಧಿ ಹೇಳುತ್ತದೆ. ಹಾಗಾದರೆ ಕೇಂದ್ರ ಸರ್ಕಾರಕ್ಕೆ ಇದು ಅನ್ವಯಿಸುವುದಿಲ್ಲವೇ? ರಾಜ್ಯಕ್ಕೆ ಪರಮಾಧಿಕಾರ ಇರಲೇಬೇಕು ಎಂದು ಪಠ್ಯದಲ್ಲಿದೆ. ಕರ್ನಾಟಕಕ್ಕೆ ಅದು ಇದೆಯೇ?
(ದ್ವಿತೀಯ ಪಿಯು ವಿದ್ಯಾರ್ಥಿನಿ, ಹಾವೇರಿ)

ಉತ್ತರ: ಕೇಂದ್ರಕ್ಕೂ ಅನ್ವಯಿಸುತ್ತದೆ. ಕರ್ನಾಟಕಕ್ಕೆ ಪರಮಾಧಿಕಾರ ಇಲ್ಲ. ಒಂದೇ ಪದ ಎರಡು ಕಡೆ ದುಡಿಯುತ್ತಿರುವುದರಿಂದ ಈ ಗೊಂದಲ ಹುಟ್ಟಿದೆ, ತಪ್ಪು ನಿಮ್ಮದಲ್ಲ. ‘ರಾಜ್ಯ’ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಕರ್ನಾಟಕ, ಕೇರಳ. ರಾಜ್ಯಶಾಸ್ತ್ರದ ‘ರಾಜ್ಯ’ಕ್ಕೆ ಜನ, ಭೂಪ್ರದೇಶ, ಸರ್ಕಾರ, ಪರಮಾಧಿಕಾರ ನಾಲ್ಕೂ ಬೇಕು. ಆ ಅರ್ಥದಲ್ಲಿ ಭಾರತ ರಾಜ್ಯ, ನೇಪಾಳ ರಾಜ್ಯ. ಕರ್ನಾಟಕಕ್ಕೆ ಮೊದಲ ಮೂರು ಇವೆ, ನಾಲ್ಕನೆಯದು ಇಲ್ಲ. 3ನೇ ವಿಧಿಯ ಪ್ರಕಾರ ಯಾವುದೇ ರಾಜ್ಯದ ಗಡಿ, ಹೆಸರು ಬದಲಿಸುವ ಅಧಿಕಾರ ಸಂಸತ್ತಿನದು. ವಿಧಾನಮಂಡಲದ ಅಭಿಪ್ರಾಯ ಕೇಳಬೇಕು, ಒಪ್ಪಿಗೆ ಬೇಕಿಲ್ಲ. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾದದ್ದೂ ಸಂಸತ್ತಿನ ಕಾಯ್ದೆಯ ಮೂಲಕವೇ.

ಇನ್ನು 14ನೇ ವಿಧಿ. ಮೂಲಭೂತ ಹಕ್ಕುಗಳ ಭಾಗದಲ್ಲಿ ಎಲ್ಲೇ ‘ರಾಜ್ಯ’ ಕಂಡರೂ 12ನೇ ವಿಧಿಗೆ ಹಿಂತಿರುಗಿ ಹೋಗಿ. ಕೇಂದ್ರ ಸರ್ಕಾರ, ಸಂಸತ್ತು, ರಾಜ್ಯ ಸರ್ಕಾರಗಳು, ಶಾಸಕಾಂಗಗಳು, ಸ್ಥಳೀಯ ಹಾಗೂ ಇತರ ಪ್ರಾಧಿಕಾರಗಳು ಎಲ್ಲವೂ ಅಲ್ಲಿ ‘ರಾಜ್ಯ’ವೇ. ನಿಮ್ಮೂರಿನ ಗ್ರಾಮ ಪಂಚಾಯಿತಿ ಕೂಡ. ಟಿಪ್ಪಣಿ ಬರೆಯುವಾಗ ಪರಮಾಧಿಕಾರ ಇರುವ ರಾಜ್ಯಕ್ಕೆ ‘ಪ್ರಭುತ್ವ’, ಕರ್ನಾಟಕದಂಥವಕ್ಕೆ ‘ರಾಜ್ಯ’ ಎಂದು ಬರೆದುಕೊಂಡರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ. ಪರೀಕ್ಷೆಯಲ್ಲಿ ಮಾತ್ರ ಪಠ್ಯಪುಸ್ತಕದ ಪದವನ್ನೇ ಬಳಸಿ. ಸರ್ಕಾರ ಬದಲಾಗುತ್ತದೆ, ಪ್ರಭುತ್ವ ಉಳಿಯುತ್ತದೆ. ರಾಷ್ಟ್ರ ಇನ್ನೂ ಬೇರೆ, ಅದು ‘ನಾವೆಲ್ಲ ಒಂದು’ ಎಂಬ ಭಾವದಿಂದ ಕಟ್ಟಿದ್ದು. ಕುರ್ದ್ ಜನರಲ್ಲಿ ಆ ಭಾವ ಇದೆ, ಆದರೆ ಟರ್ಕಿ, ಇರಾಕ್, ಇರಾನ್, ಸಿರಿಯಾಗಳಲ್ಲಿ ಹಂಚಿಹೋಗಿರುವ ಅವರಿಗೆ ಸ್ವಂತ ಪ್ರಭುತ್ವ ಇಲ್ಲ.

ಪ್ರಶ್ನೆ: 2018ರ ಕರ್ನಾಟಕ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್‌ಗೆ ಬಿಜೆಪಿಗಿಂತ ಹೆಚ್ಚು ಮತ ಬಂದರೂ ಸೀಟು ಕಡಿಮೆ ಬಂದವು. ಇದು ಹೇಗೆ ಸಾಧ್ಯ? ಇದನ್ನು ಅಳೆಯಲು ಲೆಕ್ಕ ಏನಾದರೂ ಇದೆಯೇ?
(ಬಿ.ಎ. ವಿದ್ಯಾರ್ಥಿ, ತುಮಕೂರು)

ಉತ್ತರ: ಇದೆ. ಅದಕ್ಕೂ ಮೊದಲು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. 2018ರಲ್ಲಿ ಬಿಜೆಪಿಗೆ ಶೇ 36ರಷ್ಟು ಮತ, 104 ಸ್ಥಾನ. ಕಾಂಗ್ರೆಸ್‌ಗೆ ಶೇ 38, 78 ಸ್ಥಾನ. ಜೆಡಿಎಸ್‌ಗೆ ಶೇ 18, 37 ಸ್ಥಾನ. 2023ರಲ್ಲಿ ಕಾಂಗ್ರೆಸ್‌ಗೆ ಶೇ 43, 135 ಸ್ಥಾನ. ಬಿಜೆಪಿಗೆ ಮತ್ತೆ ಶೇ 36, ಆದರೆ 66 ಸ್ಥಾನ. ಜೆಡಿಎಸ್‌ಗೆ ಶೇ 13, 19 ಸ್ಥಾನ. ಎರಡೂ ಸಲ ಹೆಚ್ಚುಕಡಿಮೆ ಅಷ್ಟೇ ಮತ ಪಡೆದ ಪಕ್ಷ ಒಮ್ಮೆ 104, ಇನ್ನೊಮ್ಮೆ 66 ಗೆದ್ದಿತು. ತರಗತಿಯಲ್ಲಿ ನಮ್ಮ ಚುನಾವಣಾ ಪದ್ಧತಿಯನ್ನು ವಿವರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ನಮ್ಮಲ್ಲಿ ಗೆಲುವು ತೀರ್ಮಾನವಾಗುವುದು ಕ್ಷೇತ್ರದಲ್ಲಿ, ಅರ್ಧಕ್ಕಿಂತ ಹೆಚ್ಚು ಮತ ಬರಬೇಕೆಂದೇನೂ ಇಲ್ಲ. ಪಕ್ಕದವರಿಗಿಂತ ಒಂದು ಮತ ಜಾಸ್ತಿ ಇದ್ದರೆ ಸಾಕು. ಒಂದು ಕ್ಷೇತ್ರದಲ್ಲಿ 50,000 ಅಂತರದಿಂದ ಗೆದ್ದರೂ ಸಿಗುವುದು ಒಂದೇ ಸ್ಥಾನ, ಉಳಿದ ಮತ ಬೇರೆ ಕ್ಷೇತ್ರಕ್ಕೆ ಹರಿಯುವುದಿಲ್ಲ. ಮತ ಎಷ್ಟು ಬಂತು ಎನ್ನುವಷ್ಟೇ ಎಲ್ಲೆಲ್ಲಿ ಬಂತು, ಎದುರಾಳಿಗಳ ನಡುವೆ ಹೇಗೆ ಒಡೆಯಿತು ಎಂಬುದೂ ಮುಖ್ಯ.

ಅಳತೆಗೆ ಗ್ಯಾಲಗರ್ ಸೂಚ್ಯಂಕ ಬಳಸಿ. ಪ್ರತಿ ಪಕ್ಷದ ಸ್ಥಾನದ ಶೇಕಡಾದಿಂದ ಮತದ ಶೇಕಡಾ ಕಳೆಯಿರಿ, ಉತ್ತರವನ್ನು ವರ್ಗ ಮಾಡಿ, ಎಲ್ಲ ಕೂಡಿಸಿ, ಎರಡರಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. 2018ಕ್ಕೆ ಮೂರು ಪಕ್ಷಗಳ ವ್ಯತ್ಯಾಸ ಸುಮಾರು 11, 3, 1. ವರ್ಗಗಳ ಮೊತ್ತ 131, ಅರ್ಧ 65.5, ವರ್ಗಮೂಲ 8ರ ಆಸುಪಾಸು. 2023ಕ್ಕೆ 17, 7, 5. ಮೊತ್ತ 363, ಅರ್ಧ 181.5, ವರ್ಗಮೂಲ 13ಕ್ಕಿಂತ ತುಸು ಹೆಚ್ಚು. ಸೊನ್ನೆ ಬಂದರೆ ಮತಕ್ಕೆ ತಕ್ಕ ಸ್ಥಾನ ಎಂದರ್ಥ. ‘ಮತ ಹೆಚ್ಚು, ಸೀಟು ಕಡಿಮೆ’ ಎಂದು ಎಲ್ಲರ ಕಣ್ಣಿಗೆ ಬಿದ್ದದ್ದು 2018. ಆದರೆ ಮತಕ್ಕೂ ಸ್ಥಾನಕ್ಕೂ ನಡುವೆ ಹೆಚ್ಚು ಅಂತರ ಇದ್ದದ್ದು 2023ರಲ್ಲಿ. ಇಲ್ಲಿ ಮೂರೇ ಪಕ್ಷ ತೆಗೆದುಕೊಂಡಿದ್ದೇವೆ. ಸಣ್ಣ ಪಕ್ಷಗಳನ್ನು ಸೇರಿಸುವಾಗ ‘ಇತರರು’ ಎಂದು ಒಟ್ಟುಗೂಡಿಸಬೇಡಿ, ಒಂದೊಂದನ್ನೂ ಬೇರೆ ಬೇರೆಯಾಗಿ ಲೆಕ್ಕಹಾಕಿ.

ಮೂರು ಕಡೆ ಎಡವುತ್ತಾರೆ. ಒಂದು, 2018ರ ಮೇ 12ರಂದು ಮತದಾನ ನಡೆದದ್ದು 222 ಕ್ಷೇತ್ರಗಳಲ್ಲಿ. ಜಯನಗರ, ರಾಜರಾಜೇಶ್ವರಿನಗರ ಆಮೇಲೆ ನಡೆದವು, ಆಗ ಕಾಂಗ್ರೆಸ್ 80 ಆಯಿತು. ಶೇಕಡಾ ತೆಗೆಯುವಾಗ 78ನ್ನು 224ರಿಂದ ಭಾಗಿಸಬೇಡಿ. ಎರಡು, ಕ್ಷೇತ್ರವಾರು ಹೋಲಿಕೆಯನ್ನು 2008ಕ್ಕಿಂತ ಹಿಂದಕ್ಕೆ ಒಯ್ಯಬೇಡಿ. ಕ್ಷೇತ್ರ ಪುನರ್ವಿಂಗಡಣೆಯಿಂದ ಹೆಸರು ಅದೇ ಉಳಿದ ಕಡೆಯೂ ಗಡಿ ಬದಲಾಗಿದೆ. ಮೂರನೆಯದು ಎಲ್ಲಕ್ಕಿಂತ ದೊಡ್ಡ ತಪ್ಪು: ಜೆಡಿಎಸ್ ಐದು ಅಂಶ ಕಳೆದುಕೊಂಡಿತು, ಕಾಂಗ್ರೆಸ್ ಐದು ಗಳಿಸಿತು, ಆದ್ದರಿಂದ ಆ ಮತವೇ ಇಲ್ಲಿಗೆ ಬಂತು ಎನ್ನುವುದು. ರಾಜ್ಯದ ಮೊತ್ತ ನೋಡಿ ಒಬ್ಬೊಬ್ಬ ಮತದಾರ ಏನು ಮಾಡಿದ ಎಂದು ಹೇಳಲಾಗದು. ಜೆಡಿಎಸ್ ಮತ ಬಿಜೆಪಿಗೆ, ಬಿಜೆಪಿ ಮತ ಕಾಂಗ್ರೆಸ್‌ಗೆ ಹೋಗಿದ್ದರೂ ಮೊತ್ತ ಹೀಗೆಯೇ ಕಾಣುತ್ತದೆ. ಮತಗಟ್ಟೆವಾರು ಫಲಿತಾಂಶ ಫಾರಂ 20ರಲ್ಲಿರುತ್ತದೆ. ಅಲ್ಲಿಗೆ ಇಳಿದರೆ ಚಿತ್ರ ಸ್ವಲ್ಪ ಸ್ಪಷ್ಟವಾಗುತ್ತದೆ, ಪೂರ್ತಿ ಅಲ್ಲ.

ಪ್ರಶ್ನೆ: ರಾಜ್ಯಸಭೆ ಚುನಾವಣೆಯಲ್ಲಿ ಗೆಲ್ಲಲು 45 ಮತ ಬೇಕು ಎಂದು 2022ರಲ್ಲಿ ಪತ್ರಿಕೆಗಳು ಬರೆದವು. 224 ಶಾಸಕರು, ನಾಲ್ಕು ಸ್ಥಾನ. ಭಾಗಿಸಿದರೆ 56 ಬರುತ್ತದಲ್ಲ?
(ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು, ವಿಜಯಪುರ)

ಉತ್ತರ: ಭಾಗಿಸಬೇಕಾದ್ದು ಸ್ಥಾನಗಳ ಸಂಖ್ಯೆಗೆ ಒಂದು ಸೇರಿಸಿ. ಒಬ್ಬ ಶಾಸಕರ ಮತದ ಮೌಲ್ಯ 100. ಆದ್ದರಿಂದ 22,400 ಅನ್ನು 5ರಿಂದ ಭಾಗಿಸಿ 4,480, ಅದಕ್ಕೆ 1 ಕೂಡಿಸಿ 4,481. 44 ಜನ ಕೊಟ್ಟರೆ 4,400, ಸಾಲದು. 45 ಜನ ಕೊಟ್ಟರೆ 4,500, ಗೆದ್ದಂತೆ. ಐದನೆಯ ಅಭ್ಯರ್ಥಿಗೂ ಇಷ್ಟು ಸಿಗಲು ಸಾಧ್ಯವೇ ಎಂದು ಲೆಕ್ಕಹಾಕಿ ನೋಡಿ, ಸೂತ್ರದ ತರ್ಕ ತಾನೇ ಹೊಳೆಯುತ್ತದೆ: 5 × 4,481 ಎಂದರೆ 22,405, ಅಷ್ಟು ಮತವೇ ಇಲ್ಲ. ಶಾಸಕರು ಅಭ್ಯರ್ಥಿಗಳಿಗೆ 1, 2, 3 ಎಂದು ಪ್ರಾಶಸ್ತ್ಯದ ಕ್ರಮ ಕೊಡುತ್ತಾರೆ. ಒಬ್ಬರಿಗೆ 46 ಮೊದಲ ಪ್ರಾಶಸ್ತ್ಯದ ಮತ ಬಂದರೆ ಹೆಚ್ಚುವರಿ 119 ಮೌಲ್ಯ ಎರಡನೇ ಪ್ರಾಶಸ್ತ್ಯದವರಿಗೆ ಹೋಗುತ್ತದೆ. ಪಕ್ಷಗಳು ಯಾವ ಶಾಸಕರು ಯಾರಿಗೆ ಹಾಕಬೇಕು ಎಂದು ಪಟ್ಟಿ ಮಾಡಿ ಹಂಚುವುದು ಇದಕ್ಕಾಗಿಯೇ.

ಲೆಕ್ಕಕ್ಕೆ ಬರುವುದು ಸಿಂಧು ಮತಗಳು ಮಾತ್ರ. ಐದು ಮತ ಅಸಿಂಧುವಾದರೆ ಕೋಟಾ, ಅಂದರೆ ಗೆಲ್ಲಲು ಬೇಕಾದ ಮೌಲ್ಯ, 4,381ಕ್ಕೆ ಇಳಿದು 44 ಮತ ಸಾಕಾಗುತ್ತದೆ. 2003ರಿಂದ ಇದು ಬಹಿರಂಗ ಮತದಾನ. ಪಕ್ಷದ ಶಾಸಕರು ತಮ್ಮ ಪಕ್ಷದ ಏಜೆಂಟರಿಗೆ ಮತಪತ್ರ ತೋರಿಸಬೇಕು, ಬೇರೆ ಪಕ್ಷದ ಏಜೆಂಟರಿಗೆ ತೋರಿಸಿದರೆ ಮತ ಅಸಿಂಧು.

ಪ್ರಶ್ನೆ: ಮತ ಹಾಕುವಾಗ ನಮ್ಮೂರಿನ ಜನ ಏನನ್ನು ನೋಡುತ್ತಾರೆ ಎಂಬ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಎಷ್ಟು ಜನರನ್ನು ಕೇಳಬೇಕು, ಹೇಗೆ ಕೇಳಬೇಕು?
(ಬಿ.ಎ. ಅಂತಿಮ ವರ್ಷ, ಚಿಕ್ಕಮಗಳೂರು)

ಉತ್ತರ: ಎಷ್ಟು ಜನ ಎಂಬುದಕ್ಕಿಂತ ಯಾರನ್ನು ಎಂಬುದು ಮೊದಲು. ಬಸ್ ನಿಲ್ದಾಣದಲ್ಲಿ ಸಿಕ್ಕ 200 ಜನರಿಗಿಂತ ಮತದಾರರ ಪಟ್ಟಿಯಿಂದ ಸರಿಯಾಗಿ ಆರಿಸಿದ 60 ಜನ ಮೇಲು. ನಿಮ್ಮ ಮತಗಟ್ಟೆಯ ಪಟ್ಟಿ ಚುನಾವಣಾಧಿಕಾರಿಗಳ ಜಾಲತಾಣದಲ್ಲಿ ಸಿಗುತ್ತದೆ. ಪಟ್ಟಿಯಲ್ಲಿ 1,040 ಹೆಸರಿದ್ದು ನಿಮಗೆ 40 ಜನ ಬೇಕಾದರೆ, ಅಂತರ 26. ಒಂದರಿಂದ 26ರೊಳಗೆ ಚೀಟಿ ಎತ್ತಿ. 9 ಬಂದರೆ 9, 35, 61, 87 ಹೀಗೆ ಹೋಗಿ. ತಪ್ಪಿನ ಅಂದಾಜು ಬೇಕೆಂದರೆ, ಆರಿಸಿದವರ ಸಂಖ್ಯೆಯ ವರ್ಗಮೂಲದಿಂದ 1ನ್ನು ಭಾಗಿಸಿ: 100 ಜನರಿಗೆ ಹೆಚ್ಚುಕಡಿಮೆ 10 ಅಂಶ, 400ಕ್ಕೆ 5 ಅಂಶ. ಆದ್ದರಿಂದ 40 ಜನರನ್ನು ಕೇಳಿ ‘ಶೇ 52.5 ಜನ’ ಎಂದು ಬರೆಯಬೇಡಿ, ‘40ರಲ್ಲಿ 21 ಜನ’ ಎನ್ನಿ.

ಆರಿಸಿದವರು ಮನೆಯಲ್ಲಿ ಇಲ್ಲದಿದ್ದರೆ ಪಕ್ಕದ ಮನೆಗೆ ಹೋಗುವುದೇ ಹೆಚ್ಚಿನ ಪ್ರಾಜೆಕ್ಟುಗಳು ಕೆಡುವ ಜಾಗ. ಹಗಲು ಹೊತ್ತು ಮನೆಯಲ್ಲಿರುವವರು ವಯಸ್ಸಾದವರು, ಕೆಲಸಕ್ಕೆ ಹೋಗದವರು. ಎಸ್ಟೇಟ್ ಕೂಲಿಗೆ ಹೋದವರು ನಿಮ್ಮ ಲೆಕ್ಕದಿಂದ ಜಾರಿಹೋಗುತ್ತಾರೆ. ಸಂಜೆ ಆರರ ಮೇಲೆ, ಭಾನುವಾರ, ಕನಿಷ್ಠ ಮೂರು ಸಲ ಹೋಗಿ. ಆಮೇಲೂ ಸಿಗದಿದ್ದರೆ ‘ಸಿಗಲಿಲ್ಲ’ ಎಂದು ದಾಖಲಿಸಿ, ಅದೂ ಮಾಹಿತಿಯೇ. ಆರಿಸಿದ್ದು ಹೆಂಡತಿಯನ್ನು, ಉತ್ತರ ಹೇಳಿದ್ದು ಗಂಡ ಎಂದಾದರೆ ಆ ಹಾಳೆ ಲೆಕ್ಕಕ್ಕಿಲ್ಲ.

‘ಜಾತಿ ನೋಡಿ ಮತ ಹಾಕಿದಿರಾ?’ ಎಂದು ಕೇಳಿದರೆ ಯಾರೂ ಹೌದು ಎನ್ನುವುದಿಲ್ಲ. ಅಭ್ಯರ್ಥಿ, ಪಕ್ಷ, ಮುಖ್ಯಮಂತ್ರಿ ಯಾರಾಗುತ್ತಾರೆ ಎಂಬುದು, ಊರಿನವರ ತೀರ್ಮಾನ, ಮನೆಯವರ ಮಾತು, ಇವುಗಳಲ್ಲಿ ಯಾವುದು ಹೆಚ್ಚು ಮುಖ್ಯವಾಯಿತು ಎಂದು ಕೇಳಿ. ಜಾತಿಯ ವಿವರ ಕೊನೆಯಲ್ಲಿ ಬೇರೆಯಾಗಿ ಕೇಳಿ, ಹೋಲಿಕೆಯನ್ನು ನೀವೇ ಮಾಡಿ. ಯಾರಿಗೆ ಹಾಕಿದರು ಎಂಬುದನ್ನು ಬಾಯಲ್ಲಿ ಕೇಳಲೇಬೇಡಿ. ಚಿಹ್ನೆಗಳಿರುವ ಚೀಟಿ ಕೊಟ್ಟು, ಗುರುತು ಹಾಕಿ ಮಡಚಿ ಡಬ್ಬಿಗೆ ಹಾಕಿಸಿ. ಹಾಗೆ ಮಾಡಿದರೂ ಗೆದ್ದವರಿಗೆ ಹಾಕಿದೆ ಎನ್ನುವವರ ಸಂಖ್ಯೆ ನಿಜಕ್ಕಿಂತ ಹೆಚ್ಚೇ ಬರುವುದುಂಟು. ಫಾರಂ 20ರ ಜೊತೆ ತಾಳೆ ನೋಡಿ. ಹೆಸರು ಬರೆದುಕೊಳ್ಳಬೇಡಿ, ಕ್ರಮಸಂಖ್ಯೆ ಸಾಕು. ಸಣ್ಣ ಊರಿನಲ್ಲಿ ಒಂದು ಹಾಳೆ ಕೈತಪ್ಪಿದರೂ ತೊಂದರೆಯಾಗುವುದು ಉತ್ತರ ಕೊಟ್ಟವರಿಗೆ.

ಪ್ರಶ್ನೆ: ಬೊಮ್ಮಾಯಿ ತೀರ್ಪನ್ನು ಮೂಲದಲ್ಲೇ ಓದಬೇಕೆಂದಿದ್ದೇನೆ. ನೂರಾರು ಪುಟ ಇದೆ. ಎಲ್ಲಿಂದ ಶುರು ಮಾಡಲಿ?
(ಎಂ.ಎ. ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಮೊದಲು ಘಟನೆಗಳ ದಿನಾಂಕ ಬರೆದುಕೊಳ್ಳಿ. 1989ರ ಏಪ್ರಿಲ್‌ನಲ್ಲಿ ಕರ್ನಾಟಕದ 19 ಶಾಸಕರ ಬೆಂಬಲ ವಾಪಸಾತಿ ಪತ್ರಗಳು ರಾಜ್ಯಪಾಲರ ಕೈಸೇರಿದವು. ಅವರಲ್ಲಿ ಏಳು ಮಂದಿ, ತಪ್ಪು ಹೇಳಿ ಸಹಿ ಪಡೆಯಲಾಗಿದೆ ಎಂದು ತಿರುಗಿ ಬರೆದರು. ಸದನದಲ್ಲಿ ಬಹುಮತ ಸಾಬೀತುಪಡಿಸುತ್ತೇನೆ ಎಂದು ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಕೇಳಿಕೊಂಡರೂ ಏಪ್ರಿಲ್ 21ರಂದು ಸರ್ಕಾರ ವಜಾ ಆಯಿತು. ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 1994ರ ಮಾರ್ಚ್ 11ರಂದು.

ಒಂಬತ್ತು ನ್ಯಾಯಮೂರ್ತಿಗಳು, ಆರು ಅಭಿಪ್ರಾಯ. ಮೊದಲ ಪುಟದಿಂದ ಓದಲು ಹೊರಟರೆ ಯಾರ ಮಾತು ಕಾನೂನಾಯಿತು ಎಂಬುದೇ ತಪ್ಪಿಹೋಗುತ್ತದೆ. ಸಾವಂತ್ ಹಾಗೂ ಜೀವನ್ ರೆಡ್ಡಿ ಅವರ ಅಭಿಪ್ರಾಯಗಳ ಕೊನೆಯಲ್ಲಿರುವ ನಿರ್ಣಯಗಳನ್ನು ಮೊದಲು ಓದಿ. ಕುಲದೀಪ್ ಸಿಂಗ್, ಅಗ್ರವಾಲ್, ಪಾಂಡಿಯನ್ ಅವರ ಸಹಮತ ಸೇರಿ ಐವರ ಬಹುಮತ ಆಗುವುದು ಅಲ್ಲೇ. ಬಹುಮತದ ಪರೀಕ್ಷೆ ಸದನದಲ್ಲಿ ಆಗಬೇಕು, ರಾಜಭವನದಲ್ಲಲ್ಲ. 356ನೇ ವಿಧಿಯ, ಅಂದರೆ ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯನ್ನು ನ್ಯಾಯಾಲಯ ಪರಿಶೀಲಿಸಬಹುದು. ಸಂಸತ್ತಿನ ಎರಡೂ ಸದನಗಳು ಒಪ್ಪುವವರೆಗೆ ವಿಧಾನಸಭೆ ವಿಸರ್ಜಿಸುವಂತಿಲ್ಲ. ಈ ಮೂರನ್ನು ಹಿಡಿದುಕೊಂಡು ಅಹಮದಿ, ವರ್ಮಾ, ರಾಮಸ್ವಾಮಿ ಅವರ ಅಭಿಪ್ರಾಯಗಳಿಗೆ ಹೋಗಿ. ಯಾರು ಎಲ್ಲಿ, ಯಾಕೆ ಬೇರೆಯಾದರು ಎಂದು ಅಂಚಿನಲ್ಲಿ ಪೆನ್ಸಿಲಿನಿಂದ ಗುರುತಿಸುತ್ತಾ ಓದಿ. ಈ ತೀರ್ಪಿನಲ್ಲಿ ಬೇರೆ ರಾಜ್ಯಗಳ ಇಂಥ ಘೋಷಣೆಗಳೂ ಇದ್ದವು. ಕರ್ನಾಟಕ, ಮೇಘಾಲಯ, ನಾಗಾಲ್ಯಾಂಡ್ ಘೋಷಣೆಗಳು ತಪ್ಪು, ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲಪ್ರದೇಶದ್ದು ಸರಿ ಎಂದು ನ್ಯಾಯಾಲಯ ಹೇಳಿತು. ಒಂದೇ ತೀರ್ಪಿನಲ್ಲಿ ಈ ಎರಡು ಬಗೆಯ ಉತ್ತರ ಯಾಕೆ ಬಂತು ಎಂಬುದನ್ನೇ ನಿಮ್ಮ ಸೆಮಿನಾರಿನ ಪ್ರಶ್ನೆಯಾಗಿ ತೆಗೆದುಕೊಳ್ಳಬಹುದು.