ಯೂರಿಯಾ ಹಾಕಿದ ಮೇಲೆ ರಾಗಿಗಿಂತ ಪಾರ್ಥೇನಿಯಂ ಜೋರು: ಪ್ರತಿಕ್ರಿಯೆ

ಯೂರಿಯಾ ಹಾಕಿದ ಮೇಲೆ ನಿಮ್ಮ ಹೊಲದಲ್ಲಿ ರಾಗಿಗಿಂತ ಪಾರ್ಥೇನಿಯಂ (ಕಾಂಗ್ರೆಸ್ ಕಳೆ) ಜೋರಾಗಿ ಬೆಳೆದಿದೆ ಎಂದು ಬರೆದಿದ್ದೀರಿ. ಬಹುಶಃ ಕಳೆ ತೆಗೆಯುವ ಮೊದಲೇ ಯೂರಿಯಾ ಎರಚಿದ್ದೇ ಕಾರಣ. ಪೈರು ತೆಳುವಾಗಿರುವ ಕಡೆ ಬೆಳಕು, ಯೂರಿಯಾದ ಸಾರಜನಕ ಎರಡೂ ಕಳೆಗೇ ಸಿಕ್ಕಿವೆ. ಬದುವಿನ ಹತ್ತಿರ ಒತ್ತಾಗಿ ಹುಟ್ಟಿ ಗಿಡ್ಡವಾಗಿರುವ ಪಾರ್ಥೇನಿಯಂ ಗಿಡಗಳನ್ನು ಕೀಳದೆ ಬಿಡಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ! ಇಕ್ಕಟ್ಟಿನಲ್ಲಿ ಗಿಡವೊಂದಕ್ಕೆ ಬೀಜ ಕಡಿಮೆ, ನಿಜ. ಆದರೆ ಗೇಣುದ್ದದ ಗಿಡವೂ ಹೂ ಬಿಡುತ್ತದೆ. ಜಾಗ, ಗೊಬ್ಬರ ಸಿಕ್ಕರೆ ಒಂದೇ ಗಿಡ 10,000ಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಅರ್ಧಂಬರ್ಧ ಕಿತ್ತರೆ ಉಳಿದವು ಕೊಬ್ಬುತ್ತವೆ.

ಮಣ್ಣು ಹಸಿ ಇರುವಾಗ, ಕೈಗವಸು ಹಾಕಿಕೊಂಡು, ಮೊದಲು ಹೂ ಬಿಟ್ಟ ಗಿಡಗಳನ್ನು ಬೇರುಸಮೇತ ಕೀಳಿ. ಅವನ್ನು ತಿಪ್ಪೆಗೆ ಹಾಕಬೇಡಿ. ಆಮೇಲೆ ಸಾಲಿನ ನಡುವೆ ಎಡೆಕುಂಟೆ (ಸಾಲುಗಳ ನಡುವಿನ ಕಳೆ ತೆಗೆಯುವ ಸಾಧನ) ಹೊಡೆಯಿರಿ. ಸಾಲಿಲ್ಲದೆ ಚೆಲ್ಲಿ ಬಿತ್ತಿದ್ದರೆ ಕುಂಟೆ ಆಗದು, ಕೈಯಲ್ಲೇ ತೆಗೆಯಬೇಕು. ಉಳಿದ ಯೂರಿಯಾವನ್ನು ಕಳೆ ಪೂರ್ತಿ ಹೋದ ಮೇಲೆ, ರಾಗಿಯ ಬುಡದ ಪಕ್ಕಕ್ಕೇ ಕೊಡಿ.