ಸ್ಪೀಕರ್ ಟರ್ಮಿನಲ್‌ನ ಬಿರಡೆ ಬರ್ತಾ ಇಲ್ಲ, ಡ್ರಿಲ್ ಹಾಕಲಾ?

ಪ್ರಶ್ನೆ: ಸರ್, ಹೋದ ತಿಂಗಳು ಒಂದು ಜೊತೆ ಬುಕ್‌ಶೆಲ್ಫ್ ಸ್ಪೀಕರ್ ತಗೊಂಡೆ. ಸ್ಪೀಕರ್ ವೈರಿನ ತುದಿಗೆ ಹಾಕುವ ಬನಾನಾ ಪ್ಲಗ್ ಚುಚ್ಚೋಣ ಅಂತ ನೋಡಿದರೆ, ಹಿಂದಿನ ಕೆಂಪು, ಕಪ್ಪು ಟರ್ಮಿನಲ್‌ಗಳ ತೂತಿನಲ್ಲಿ ಪ್ಲಾಸ್ಟಿಕ್ ಬಿರಡೆ ಕೂತಿದೆ. ಒಂದು ಸ್ಪೀಕರ್‌ನ ಕಪ್ಪು ಬಿರಡೆ ಚಾಕುವಿನ ತುದಿಯಿಂದ ಮೀಟಿದಾಗ ಬಂತು. ಕೆಂಪಿನದರ ತಲೆ ಮಾತ್ರ ಕಿತ್ತು ಕೈಗೆ ಬಂತು, ಕಡ್ಡಿ ಒಳಗೇ ಉಳಿಯಿತು. ಇನ್ನೊಂದು ಸ್ಪೀಕರ್ ಮುಟ್ಟಲು ಭಯ. ಅಂಗಡಿಯವರು "ಡ್ರಿಲ್ ಹಾಕಿ ತೆಗೀರಿ" ಅಂದರು. ಹಾಕಲಾ?
– ಓದುಗರು, ದಾವಣಗೆರೆ

ಉತ್ತರ: ದಯವಿಟ್ಟು ಡ್ರಿಲ್ ಮೆಷಿನ್ ಹತ್ತಿರ ತರಬೇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ಸಮಾಧಾನದ ಮಾತು: ಆ ಬಿರಡೆಯನ್ನು ಸಾಮಾನ್ಯವಾಗಿ ಯಾರೂ ಅಂಟು ಹಾಕಿ ಕೂರಿಸಿರುವುದಿಲ್ಲ. 4 ಮಿ.ಮೀ. ತೂತಿಗೆ ಅದಕ್ಕಿಂತ ಕೂದಲೆಳೆಯಷ್ಟು ದಪ್ಪದ ಪ್ಲಾಸ್ಟಿಕ್ ಕಡ್ಡಿ ಒತ್ತಿರುತ್ತಾರೆ, ಅಷ್ಟೇ. ಬಿಗಿಯಿಂದ ನಿಂತಿದೆ. ಬಿಗಿ ಬಿಟ್ಟರೆ ಬರುತ್ತದೆ. ನೀವು ಮೀಟಿದಾಗ ತಲೆ ಕಿತ್ತು ಬಂದದ್ದು ಬಲ ಓರೆಯಾಗಿ ಬಿದ್ದಿದ್ದಕ್ಕೆ. ಅದನ್ನು ನೆಟ್ಟಗೆ, ಬಂದ ದಾರಿಯಲ್ಲೇ ಹೊರಗೆ ಎಳೆಯಬೇಕು.

ಇನ್ನೂ ಮುಟ್ಟದ ಸ್ಪೀಕರ್‌ನಿಂದ ಶುರು ಮಾಡೋಣ, ಅದು ಸುಲಭ. ಆ್ಯಂಪ್‌ಗೆ (ಆ್ಯಂಪ್ಲಿಫೈಯರ್‌ಗೆ) ಹೋಗುವ ವೈರ್ ಬಿಚ್ಚಿಡಿ. ಸ್ಪೀಕರನ್ನು ದಪ್ಪ ಟವೆಲ್ ಮೇಲೆ ಒಂದು ಪಕ್ಕಕ್ಕೆ ಮಲಗಿಸಿ. ಮುಖ ಕೆಳಗೆ ಮಾಡಬೇಡಿ, ಕೋನ್‌ಗೆ ಪೆಟ್ಟಾಗಬಹುದು. ಈಗ ಕೆಂಪು ತಿರುಗಣೆಯನ್ನು, ಅಂದರೆ ವೈರ್ ಬಿಗಿಯಲು ಕೈಯಲ್ಲಿ ತಿರುಗಿಸುವ ಟರ್ಮಿನಲ್‌ನ ಹೊರಭಾಗವನ್ನು, ಎಡಕ್ಕೆ ಬಿಚ್ಚುತ್ತಾ ಹೋಗಿ. ಹೀಗೆ ಮಾಡುವಾಗ ಬಿರಡೆಯ ತಲೆಯನ್ನೇ ನೋಡುತ್ತಿರಿ. ಬಿರಡೆಯ ತಲೆ ತಿರುಗಣೆಯ ಮೇಲೆ ಕೂತಿರುತ್ತದೆ, ಕಡ್ಡಿ ಒಳಗಿನ ಲೋಹದ ಕಂಬದಲ್ಲಿರುತ್ತದೆ. ತಿರುಗಣೆ ಹೊರಗೆ ಬಂದ ಹಾಗೆಲ್ಲ ತಲೆಯನ್ನು ತಾನೇ ಎತ್ತಿಕೊಂಡು ಬರುತ್ತದೆ. ಕೆಲವು ಬಿರಡೆಗಳು ಹೀಗೆ ಅರ್ಧ ದಾರಿ ತಾವಾಗೇ ಬಂದುಬಿಡುತ್ತವೆ. ತಿರುಗಣೆ ಪೂರ್ತಿ ಕೈಗೆ ಬರುವ ಮಾದರಿಯಾದರೆ ಇನ್ನೂ ಒಳ್ಳೆಯದು. ಅದನ್ನು ಬಿಚ್ಚಿಕೊಂಡು, ಒಳಗಿನ ಕಡೆಯಿಂದ ಖಾಲಿ ಬಾಲ್‌ಪೆನ್ ರೀಫಿಲ್ಲಿನ ಹಿಂದಿನ ತುದಿ ಇಟ್ಟು ಒತ್ತಿ. ಟಪ್ ಅಂತ ಬರುತ್ತದೆ.

ಚಾಕು ಹಿಡಿಯುವ ಮೊದಲು ಇದನ್ನು ಮಾಡಿ ನೋಡಬೇಕು. ಎಷ್ಟೋ ಜನ ತಿರುಗಣೆಯನ್ನು ಗಟ್ಟಿಯಾಗಿ ಬಿಗಿದ ಹಾಗೇ ಇಟ್ಟು ಬಿರಡೆ ಮೀಟಲು ಹೋಗುತ್ತಾರೆ. ಆಗ ಚಾಕು ಜಾರಿ ಕೆಂಪು ಪ್ಲಾಸ್ಟಿಕ್ ಮೇಲೆ ಗೀರು ಬೀಳುತ್ತದೆ, ಕೈ ಕುಯ್ಯುತ್ತದೆ.

ಇನ್ನು ನಿಮ್ಮ ತಲೆ ಹೋದ ಬಿರಡೆ. ಅದಕ್ಕೂ ತಿರುಗಣೆ ಪೂರ್ತಿ ಹಿಂದಕ್ಕೆ ತನ್ನಿ. ಕಂಬಕ್ಕೆ ಅಡ್ಡವಾಗಿ ಒಂದು ತೂತು ಕಾಣುತ್ತದೆ, ಬರೀ ವೈರ್ ಹಾಕೋದಕ್ಕೆ ಇರುವ ತೂತು. ಟಾರ್ಚ್ ಬಿಟ್ಟು ಅದರಲ್ಲಿ ನೋಡಿ. ಕಡ್ಡಿ ಉದ್ದ ಇದ್ದರೆ ತೂತಿನೊಳಗೆ ಪ್ಲಾಸ್ಟಿಕ್ ಕಾಣುತ್ತದೆ. ಆಗ ಒಂದು ದಬ್ಬಣ ಅಥವಾ ದಪ್ಪ ಸೇಫ್ಟಿ ಪಿನ್ ತಗೊಂಡು, ಅಡ್ಡ ತೂತಿನಿಂದ ಓರೆಯಾಗಿ ಆ ಪ್ಲಾಸ್ಟಿಕ್‌ಗೆ ಚುಚ್ಚಿ, ಹೊರಗಿನ ದಿಕ್ಕಿಗೆ ಮೀಟಿ. ಅರ್ಧ ಮಿ.ಮೀ. ಜರುಗಿದರೂ ಸಾಕು. ಪಿನ್ ತೆಗೆದು ಸ್ವಲ್ಪ ಕೆಳಗೆ ಮತ್ತೆ ಚುಚ್ಚಿ, ಮತ್ತೆ ಮೀಟಿ. ಹತ್ತು ಸಲ ಮಾಡಬೇಕಾಗಬಹುದು. ಬೇಸರದ ಕೆಲಸ, ಆದರೆ ಏನೂ ಹಾಳಾಗುವುದಿಲ್ಲ. ಅಡ್ಡ ತೂತು ಆರ್‌ಪಾರ್ ಖಾಲಿ ಕಂಡರೆ ಕಡ್ಡಿ ಗಿಡ್ಡ ಅಂತ ಅರ್ಥ. ಆಗ ಪಿನ್ನಿನ ತುದಿಯನ್ನು ಇಕ್ಕಳದಲ್ಲಿ ಸ್ವಲ್ಪ ಬಗ್ಗಿಸಿ, ಕಡ್ಡಿಯ ಹಿಂದೆ ಸೇರಿಸಿ ಹೊರಗೆ ನೂಕಿ.

ಇದರಲ್ಲೂ ಬರಲಿಲ್ಲ ಅಂದರೆ ಸ್ಕ್ರೂ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಯಾಕಂದ್ರೆ ಹೆಚ್ಚಿನವರು ಎಡವುವುದು ಇಲ್ಲೇ. ಸಿಕ್ಕಿದ ದಪ್ಪ ಸ್ಕ್ರೂ ತಗೊಂಡು ತಿರುಗಿಸಿದರೆ ಅದು ಕಡ್ಡಿಯನ್ನು ಒಳಗಿನಿಂದ ಅಗಲ ಮಾಡುತ್ತದೆ. ಅಗಲವಾದ ಕಡ್ಡಿ ಲೋಹಕ್ಕೆ ಇನ್ನೂ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಆಮೇಲೆ ಎಷ್ಟು ಎಳೆದರೂ ಬರೋಲ್ಲ. 4 ಮಿ.ಮೀ. ಕಡ್ಡಿಗೆ 2 ಮಿ.ಮೀ. ದಪ್ಪದ, ಚೂಪು ತುದಿಯ ಸಣ್ಣ ಸ್ಕ್ರೂ ಸಾಕು. ಆಟಿಕೆಗಳ ಬ್ಯಾಟರಿ ಮುಚ್ಚಳಕ್ಕೋ ಹಳೇ ರಿಮೋಟ್‌ಗೋ ಹಾಕಿರುವಂಥದ್ದು. ಮೊದಲು ಪಿನ್ನಿನಿಂದ ಕಡ್ಡಿಯ ಸರಿಯಾಗಿ ನಡುವೆ ಒಂದು ಚುಕ್ಕೆ ಮಾಡಿಕೊಳ್ಳಿ. ಸ್ಕ್ರೂವನ್ನು ಅಲ್ಲಿಟ್ಟು ಮೂರು ನಾಲ್ಕು ಸುತ್ತು ತಿರುಗಿಸಿ, ನಿಲ್ಲಿಸಿ. ತಲೆವರೆಗೂ ಇಳಿಸಬೇಡಿ. ಇಕ್ಕಳದಿಂದ ಸ್ಕ್ರೂವಿನ ತಲೆ ಹಿಡಿದು ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪ ತಿರುಚುತ್ತಾ ನೆಟ್ಟಗೆ ಎಳೆಯಿರಿ. ಮಕ್ಕಳ ಅಲ್ಲಾಡುವ ಹಲ್ಲು ಕೀಳುವ ಹಾಗೆ. ಸ್ಕ್ರೂ ಕಿತ್ತು ಬಂದರೆ ಅದೇ ತೂತಿಗೆ 2.5 ಮಿ.ಮೀ. ಸ್ಕ್ರೂ ಹಾಕಿ ಇನ್ನೊಂದು ಪ್ರಯತ್ನ ಮಾಡಬಹುದು. ಅದಕ್ಕಿಂತ ದಪ್ಪ ಬೇಡ.

ಇನ್ನೊಂದು ಕೈ ಏನು ಮಾಡುತ್ತಿರಬೇಕು ಅಂತ ಹೇಳಲೇಬೇಕು. ಕಂಬದ ಬುಡವನ್ನು ಗಟ್ಟಿಯಾಗಿ ಹಿಡಿದಿರಬೇಕು. ತಿರುಚುವಾಗ ಬಿರಡೆಯ ಜೊತೆ ಇಡೀ ಕಂಬವೇ ತಿರುಗಿದರೆ ಒಳಗೆ ಅದಕ್ಕೆ ಸಿಕ್ಕಿಸಿರುವ ವೈರ್ ತಿರುಚಿಕೊಳ್ಳುತ್ತದೆ, ಬೆಸುಗೆ ಬಿಡುತ್ತದೆ, ಇಲ್ಲವೇ ಒಳಗಿನ ನಟ್ ಸಡಿಲವಾಗುತ್ತದೆ. ಕಂಬ ತಿರುಗಿತು ಅನ್ನಿಸಿದರೆ ಅಲ್ಲೇ ನಿಲ್ಲಿಸಿ. ಟರ್ಮಿನಲ್ ಪ್ಲೇಟಿನ ಸ್ಕ್ರೂಗಳನ್ನು ಬಿಚ್ಚಿ, ಪ್ಲೇಟನ್ನು ಮೆತ್ತಗೆ ಹೊರಗೆ ತಂದು, ಹಿಂದಿನ ನಟ್ ಬಿಗಿ ಮಾಡಿ. ವೈರ್ ಗಿಡ್ಡ ಇರುತ್ತದೆ, ಜಗ್ಗಬೇಡಿ.

ಕೊನೆಯ ಉಪಾಯ ಬಿಸಿ ಸೂಜಿ. ದಬ್ಬಣದ ಹಿಂಭಾಗವನ್ನು ಇಕ್ಕಳದಲ್ಲಿ ಹಿಡಿದು, ತುದಿಯನ್ನು ಗ್ಯಾಸ್ ಉರಿಯಲ್ಲಿ ಕಾಯಿಸಿ, ಕಡ್ಡಿಯ ನಡುವೆ 3–4 ಮಿ.ಮೀ. ಇಳಿಸಿ. ಸುಟ್ಟ ಪ್ಲಾಸ್ಟಿಕ್ ವಾಸನೆ ಬರುತ್ತದೆ, ಕಿಟಕಿ ತೆಗೆದಿಟ್ಟುಕೊಳ್ಳಿ. ಕೈ ಅಲ್ಲಾಡಿಸದೆ ಒಂದು ನಿಮಿಷ ಹಾಗೇ ಹಿಡಿದಿರಿ. ಕರಗಿದ ಪ್ಲಾಸ್ಟಿಕ್ ಆರಿ ಸೂಜಿಯನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ಎಳೆಯಿರಿ. ಸೂಜಿ ತಿರುಗಣೆಗೆ ತಾಗಬಾರದು, ಅದೂ ಪ್ಲಾಸ್ಟಿಕ್, ಅದೂ ಕರಗುತ್ತದೆ. ಸೋಲ್ಡರಿಂಗ್ ಐರನ್ ಇಡಬೇಡಿ ಅನ್ನುವುದೂ ಇದೇ ಕಾರಣಕ್ಕೆ. ಲೋಹದ ಕಂಬ ಕಾದು ಸುತ್ತಲಿನ ಪ್ಲೇಟೇ ಮೆತ್ತಗಾಗಬಹುದು. ಎಣ್ಣೆ, ಸ್ಪ್ರೇ ಕೂಡ ಬೇಡ. ಒಳಗೆ ಇಳಿದರೆ ತೆಗೆಯಲು ಆಗೋಲ್ಲ, ಧೂಳು ಹಿಡಿಯುತ್ತದೆ. ಫೆವಿಕ್ವಿಕ್ ಹಾಕಿ ಕಡ್ಡಿ ಅಂಟಿಸಿ ಎಳೀತೀನಿ ಅನ್ನುವವರಿದ್ದಾರೆ. ಒಂದು ಹನಿ ಪಕ್ಕಕ್ಕೆ ಹರಿದರೆ, ಬರೀ ಬಿಗಿಯಿಂದ ನಿಂತಿದ್ದ ಬಿರಡೆ ನಿಜವಾಗಿಯೂ ಅಂಟಿಕೊಳ್ಳುತ್ತದೆ.

ಈಗ ಡ್ರಿಲ್ ಮಾತು. ಕೆಲವು ವರ್ಷಗಳ ಹಿಂದೆ ಒಬ್ಬರು ನನ್ನ ಹತ್ತಿರ ನೆಲದ ಮೇಲೆ ನಿಲ್ಲುವ ದೊಡ್ಡ ಸ್ಪೀಕರ್ ತಂದಿದ್ದರು. 4 ಮಿ.ಮೀ. ಬಿಟ್ ಹಾಕಿ ಡ್ರಿಲ್ ಒತ್ತಿದ್ದರು. ಬಿಟ್ ಪ್ಲಾಸ್ಟಿಕ್‌ನಲ್ಲಿ ಕಚ್ಚಿಕೊಂಡು ಕಂಬವನ್ನೇ ಗಿರ್ರನೆ ತಿರುಗಿಸಿತ್ತು. ಒಳಗೆ ವೈರ್ ತುಂಡಾಗಿತ್ತು. ಹೊರಗೆ ಕಂಬದ ಚಿನ್ನದ ಲೇಪ ಎದ್ದು ಹೋಗಿ, ಹಿತ್ತಾಳೆಯ ಪುಡಿ ಪ್ಲೇಟಿನ ಮೇಲೆ ಹೊಳೆಯುತ್ತಿತ್ತು. ಪುಡಿ ಕೆಂಪು, ಕಪ್ಪು ಕಂಬಗಳ ನಡುವೆ ಸೇರಿದರೆ ಆ್ಯಂಪ್‌ಗೆ ಶಾರ್ಟ್. ಒಂದು ಚಿಕ್ಕ ಬಿರಡೆಗೋಸ್ಕರ ಟರ್ಮಿನಲ್ ಪ್ಲೇಟೇ ಬದಲಿಸಬೇಕಾಯಿತು. ಡ್ರಿಲ್ ಬಿಟ್ಟು ಬೇರೆ ದಾರಿಯೇ ಇಲ್ಲದ ಹಾಗಾದರೆ, 2 ಮಿ.ಮೀ. ಬಿಟ್ಟನ್ನು ಮೆಷಿನ್ನಿಗೆ ಹಾಕದೆ ಬೆರಳಲ್ಲೇ ಹಿಡಿದು ತಿರುಗಿಸಿ. ಕಡ್ಡಿಯ ನಡುವೆ ತೂತಾದರೆ ಗೋಡೆ ತೆಳುವಾಗಿ ತಾನಾಗೇ ಒಳಮುಖ ಕುಗ್ಗುತ್ತದೆ.

ಎಲ್ಲ ಆದಮೇಲೆ ಮಲ್ಟಿಮೀಟರ್ ಇದ್ದರೆ ಓಮ್ಸ್‌ಗೆ ಇಟ್ಟು ಕೆಂಪು, ಕಪ್ಪಿನ ನಡುವೆ ಅಳೆಯಿರಿ. 8 ಓಮ್ಸ್ ಸ್ಪೀಕರ್ ಸಾಮಾನ್ಯವಾಗಿ 6ರ ಆಸುಪಾಸು ತೋರಿಸುತ್ತದೆ, ಅದು ಸರಿಯೇ. ಏನೂ ತೋರಿಸದಿದ್ದರೆ ಒಳಗೆ ವೈರ್ ಬಿಟ್ಟಿದೆ. ಸೊನ್ನೆ ಹತ್ತಿರ ಬಂದರೆ ಶಾರ್ಟ್ ಆಗಿದೆ, ಆ್ಯಂಪ್‌ಗೆ ಜೋಡಿಸಬೇಡಿ. ಮೀಟರ್ ಇಲ್ಲದಿದ್ದರೆ 1.5 ವೋಲ್ಟಿನ ಪೆನ್ಸಿಲ್ ಸೆಲ್ಲಿಗೆ ಎರಡು ತುಂಡು ವೈರ್ ಹಿಡಿದು ಒಂದು ಕ್ಷಣ ಮುಟ್ಟಿಸಿ. ಸೆಲ್ಲಿನ ಪ್ಲಸ್ ಕೆಂಪಿಗೆ. ಟಕ್ ಅಂತ ಸದ್ದು ಬಂದು ವೂಫರ್ (ದೊಡ್ಡ ಕೋನ್) ಮುಂದಕ್ಕೆ ಜಿಗಿದರೆ ಎಲ್ಲ ಸರಿಯಾಗಿದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು. ಆ ಒಂದು ಬಿರಡೆ ಏನು ಮಾಡಿದರೂ ಬರಲಿಲ್ಲ ಅಂದರೆ ಬಿಟ್ಟುಬಿಡಿ. ಅಡ್ಡ ತೂತಿಗೆ ಬರೀ ವೈರ್ ಹಾಕಿ ತಿರುಗಣೆ ಬಿಗಿದರೆ ಸಾಕು. ಕಡ್ಡಿ ಆ ತೂತಿನವರೆಗೂ ಬಂದಿದ್ದರೆ ವೈರನ್ನು ಕಂಬಕ್ಕೆ ಸುತ್ತಿ ಬಿಗಿಯಿರಿ, ಅಥವಾ ವೈರಿನ ತುದಿಗೆ ಯು ಆಕಾರದ ಲೋಹದ ಲಗ್ ಹಾಕಿ. ಹಾಡಿನಲ್ಲಿ ಒಂದು ಎಳೆಯಷ್ಟೂ ವ್ಯತ್ಯಾಸ ಆಗೋಲ್ಲ. ಬನಾನಾ ಪ್ಲಗ್ ಇರುವುದು ಹಾಕೋದು ತೆಗೆಯೋದು ಸುಲಭ ಆಗಲಿ ಅಂತ.

ಪ್ರಶ್ನೆ: ನಾನಿರೋದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಇಲ್ಲಿ ಹೊಸ ಆ್ಯಂಪ್, ಸ್ಪೀಕರ್ ಎರಡರಲ್ಲೂ ಬಿರಡೆ ಹಾಕೇ ಕೊಟ್ಟರು. ತೆಗೆಯುವಂಥದ್ದಾದರೆ ಹಾಕೋದು ಯಾಕೆ? ಮನೆಯಲ್ಲಿ 3 ವರ್ಷದ ಮಗಳಿದ್ದಾಳೆ, ತೆಗೆದರೆ ಅಪಾಯನಾ?
– ಓದುಗರು, ಸ್ಟುಟ್‌ಗಾರ್ಟ್

ಉತ್ತರ: ಒಳ್ಳೆಯ ಜಾಗದಿಂದಲೇ ಕೇಳಿದ್ದೀರಿ. ಬನಾನಾ ಪ್ಲಗ್ಗಿನ ಕಥೆಯಲ್ಲಿ ನಿಮ್ಮೂರಿನ ಪಕ್ಕದ ಎಸ್ಲಿಂಗನ್ ಬರುತ್ತದೆ. ಅಲ್ಲಿ ರಿಚರ್ಡ್ ಹಿರ್ಷ್‌ಮನ್ 1924ರಲ್ಲಿ ಶುರು ಮಾಡಿದ ಕಂಪನಿ ಇಂಥ ಪ್ಲಗ್ಗುಗಳಿಗೇ ಹೆಸರಾಯಿತು.

ಬಿರಡೆ ಇರೋದು ನಿಮ್ಮ ಗೋಡೆಯ ಸಾಕೆಟ್‌ನಿಂದಾಗಿ. ಯುರೋಪಿನ ಹೆಚ್ಚಿನ ದೇಶಗಳ ಸಾಕೆಟ್‌ನಲ್ಲಿ ಎರಡು ತೂತುಗಳ ನಡುವೆ 19 ಮಿ.ಮೀ. ಅಂತರ. ಮೊಬೈಲ್ ಚಾರ್ಜರ್‌ನಂಥ ಚಪ್ಪಟೆ ಪ್ಲಗ್ಗಿನ ಕಡ್ಡಿ 4 ಮಿ.ಮೀ. ದಪ್ಪ. ಸ್ಪೀಕರ್ ಟರ್ಮಿನಲ್‌ನ ತೂತೂ 4 ಮಿ.ಮೀ., ಹೆಚ್ಚಿನವುಗಳಲ್ಲಿ ಎರಡರ ಅಂತರವೂ ಸುಮಾರು 19 ಮಿ.ಮೀ. ಅಂದರೆ ಕರೆಂಟ್ ಪ್ಲಗ್ ಸ್ಪೀಕರ್‌ಗೆ ಕೂರಬಹುದು, ಸ್ಪೀಕರ್ ವೈರಿನ ಪ್ಲಗ್ ಗೋಡೆಗೆ ಕೂರಬಹುದು. ಅದನ್ನು ತಡೆಯಲಿಕ್ಕೇ ಅಲ್ಲಿನ ಸುರಕ್ಷತಾ ನಿಯಮದ ಪ್ರಕಾರ ತೂತು ಮುಚ್ಚಿ ಮಾರುತ್ತಾರೆ. ಅಮೆರಿಕದ ಪ್ಲಗ್ಗಿನ ಕಡ್ಡಿಗಳು ಚಪ್ಪಟೆ, ಅಲ್ಲಿ ಈ ಗೊಂದಲವಿಲ್ಲ.

230 ವೋಲ್ಟ್ 8 ಓಮ್ಸ್ ಸ್ಪೀಕರ್‌ಗೆ ಹೋದರೆ ಲೆಕ್ಕದ ಪ್ರಕಾರ 6,600 ವ್ಯಾಟ್. ಒಳಗಿನ ತಂತಿ ಸುರುಳಿ (ಕಾಯಿಲ್) ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಸ್ಪೀಕರ್ ಹೋದರೆ ಹೋಗಲಿ, ಭಯ ಇರೋದು ಮಗುವಿನ ಬಗ್ಗೆ. ಒಂದು ತುದಿ ಸ್ಪೀಕರ್‌ಗೆ ಜೋಡಿಸಿ, ಇನ್ನೊಂದು ತುದಿಯ ಬನಾನಾ ಪ್ಲಗ್ ನೆಲದ ಮೇಲೆ ಬಿದ್ದಿದ್ದರೆ, ಮಗು ಎತ್ತಿಕೊಂಡು ಗೋಡೆಗೆ ಚುಚ್ಚಲು ನೋಡುತ್ತದೆ. ಆ ಪ್ಲಗ್ಗಿನ ಹೊರಗೆ ಕಾಣುವ ಲೋಹಕ್ಕೆಲ್ಲ ಕರೆಂಟ್ ಬರುತ್ತದೆ.

ನಿಮಗೆ ನನ್ನ ಸಲಹೆ: ಮಗಳು ದೊಡ್ಡವಳಾಗುವವರೆಗೆ ಬಿರಡೆ ಹಾಗೇ ಇರಲಿ, ಬರೀ ವೈರ್ ಹಾಕಿ. ಬನಾನಾ ಪ್ಲಗ್ ಬೇಕೇ ಬೇಕು ಅಂದರೆ ತೆಗೆಯಿರಿ, ತಪ್ಪೇನಿಲ್ಲ. ತೆಗೆಯುವ ವಿಧಾನವನ್ನು ಹಲವು ಕಂಪನಿಗಳು ಕೈಪಿಡಿಯಲ್ಲೇ ಬರೆದಿರುತ್ತವೆ. ಆದರೆ ವೈರಿನ ಒಂದು ತುದಿಯನ್ನೂ ಖಾಲಿ ಬಿಡಬಾರದು. ಆ್ಯಂಪ್ ಬಿಚ್ಚಿಟ್ಟ ದಿನ ವೈರನ್ನು ಸ್ಪೀಕರ್‌ನಿಂದಲೂ ಬಿಚ್ಚಿ ಸುತ್ತಿಡಿ. ತೆಗೆದ ಬಿರಡೆಗಳನ್ನು ಅವಳ ಕೈಗೆ ಸಿಗದ ಹಾಗೆ ಡಬ್ಬಿಯಲ್ಲಿಡಿ, ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಗಾತ್ರ ಅವು. ಆ್ಯಂಪ್‌ನ ಬಿರಡೆ ತೆಗೆಯುವಾಗ ಮೊದಲು ಅದರ ಕರೆಂಟ್ ವೈರ್ ಗೋಡೆಯಿಂದ ಕೀಳಿ.

ಊರಿನ ಓದುಗರಿಗೂ ಇದು ಅನ್ವಯಿಸುತ್ತದೆ. ನಮ್ಮ ಮಾಮೂಲಿ 6 ಆಂಪಿಯರ್ ಸಾಕೆಟ್‌ನ ತೂತು 5 ಮಿ.ಮೀ. ದಪ್ಪದ ಕಡ್ಡಿಗೆ ಮಾಡಿದ್ದು, ಅಂತರ ಅದೇ 19 ಮಿ.ಮೀ. ಬನಾನಾ ಪ್ಲಗ್ ಸಲೀಸಾಗಿ ಒಳಗೆ ಹೋಗುತ್ತದೆ. ಹೆಚ್ಚಿನ ಹೊಸ ಸಾಕೆಟ್‌ಗಳಲ್ಲಿ ಒಳಗೆ ತೂತು ಮುಚ್ಚುವ ಶಟರ್ ಇರುತ್ತದೆ, ಹಳೇ ಮನೆಗಳಲ್ಲಿ ಹೆಚ್ಚಾಗಿ ಇರೋದಿಲ್ಲ.

ಪ್ರಶ್ನೆ: ಬಿರಡೆ ಏನೋ ಬಂತು. ಆದರೆ ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ತಂದ ಬನಾನಾ ಪ್ಲಗ್ ಲೊಡಲೊಡ ಅಂತಿದೆ, ಸುಮ್ನೆ ಮುಟ್ಟಿದರೂ ಕರಕರ ಸದ್ದು. ವೈರಿನ ತುದಿಗೆ ಸೋಲ್ಡರ್ ಹಾಕಲಾ?
– ಓದುಗರು, ತುಮಕೂರು

ಉತ್ತರ: ಸೋಲ್ಡರ್‌ಗೂ ಲೊಡಲೊಡಕ್ಕೂ ಸಂಬಂಧವಿಲ್ಲ. ಪ್ಲಗ್ಗಿನ ಕಡ್ಡಿ ನಡುವೆ ಸೀಳಿದ್ದರೆ ಆ ಸೀಳಿನಲ್ಲಿ ಚಾಕುವಿನ ಅಲಗು ಇಟ್ಟು ಸ್ವಲ್ಪವೇ ಅಗಲ ಮಾಡಿ, ಹಾಕಿ ನೋಡಿ. ಬಿಗಿಯಾದರೆ ಅಲ್ಲಿಗೆ ನಿಲ್ಲಿಸಿ. ಹೊಟ್ಟೆ ಉಬ್ಬಿದ ತೆಳು ತಗಡಿನ ಮಾದರಿಯಾದರೆ ಅದನ್ನು ಅಗಲ ಮಾಡಲು ಹೋಗಬೇಡಿ, ಮುರಿಯುತ್ತದೆ, ಬೇರೆ ತನ್ನಿ. ತೂತಿನ ತಳದಲ್ಲಿ ಬಿರಡೆಯ ಚೂರು ಉಳಿದಿದ್ದರೂ ಪ್ಲಗ್ ಪೂರ್ತಿ ಇಳಿಯದೆ ಅಲ್ಲಾಡುತ್ತದೆ. ಟಾರ್ಚ್ ಬಿಟ್ಟು ನೋಡಿ, ಪಿನ್ನಿನಿಂದ ತೆಗೆಯಿರಿ.

ಸ್ಕ್ರೂ ಬಿಗಿಯುವ ಪ್ಲಗ್ ಆದರೆ ವೈರಿಗೆ ಸೋಲ್ಡರ್ ಹಾಕಲೇಬೇಡಿ. ಸೋಲ್ಡರ್ ಮೆತ್ತಗಿನ ಲೋಹ. ಸ್ಕ್ರೂವಿನ ಒತ್ತಡಕ್ಕೆ ದಿನ ಕಳೆದಂತೆ ಜರುಗಿ ಹಿಡಿತ ಸಡಿಲವಾಗುತ್ತದೆ. ವೈರ್ ಸುಮಾರು 10 ಮಿ.ಮೀ. ಸುಲಿದು, ಎಳೆಗಳನ್ನು ಬಿಗಿಯಾಗಿ ಹೊಸೆದು ಹಾಕಿ. ಒಂದೇ ಒಂದು ಎಳೆಯೂ ಪಕ್ಕದ ಪ್ಲಗ್ಗಿಗೆ ತಾಗದ ಹಾಗೆ ನೋಡಿಕೊಳ್ಳಿ. ತಿಂಗಳಾದ ಮೇಲೆ ಸ್ಕ್ರೂ ಇನ್ನೊಂದು ಸಲ ಬಿಗಿ ಮಾಡಿ.